ನಮ್ಮ ನಾಲ್ಕು ತಾಲೂಕುಗಳಲ್ಲಿ ಬಡ್ಡಿಯ ಇತಿಹಾಸ ಮತ್ತು ಮುಪ್ಪಿನ ಗಂಟು



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಈ ಭಾಗದ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ಗುಡಿ, ಕೋಟೆ, ಶಾಸನ, ಶರಣರ ಚರಿತ್ರೆ ಬರೆದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಮ್ಮ ಹಿರಿಯರ ಹೊಲಗಳು ಕೈಬಿಟ್ಟದ್ದು ಯಾವುದರಿಂದ, ಕೆಲವರ ಮನೆತನ ಮೇಲೆ ಬಂದದ್ದು ಯಾವುದರಿಂದ ಎಂದು ಕೇಳಿದರೆ ಬಹಳ ಕಡೆ ಉತ್ತರ ಒಂದೇ: ಬಡ್ಡಿ. ಆ ಬಡ್ಡಿಯ ಇತಿಹಾಸ ಬರೆದವರು ಕಡಿಮೆ. ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹಳೆಯ ನಾಲ್ಕು ತಾಲೂಕುಗಳಲ್ಲಿ (ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲೂಕುಗಳಾಗಿವೆ, ಆದರೂ ಇಲ್ಲಿ ಒಂದೇ ಲೆಕ್ಕಕ್ಕೆ ಹಿಡಿದಿದ್ದೇವೆ) ಬಡ್ಡಿ ಹೇಗೆ ಬೆಳೆಯಿತು, ಯಾರನ್ನು ತಿಂದಿತು, ಈಗ ಅದೇ ಬಡ್ಡಿ ನಮ್ಮ ಮಕ್ಕಳ ಮುಪ್ಪಿಗೆ ಹೇಗೆ ಆಸರೆಯಾಗಬಲ್ಲದು ಎಂಬುದನ್ನು ತಿಳಿದಮಟ್ಟಿಗೆ ಹೇಳುತ್ತೇವೆ.

ಇಂಡಿ ತಾಲೂಕಿನ ಸಾಲೋಟಗಿಯ ಶಾಸನದಿಂದಲೇ ಸುರು ಮಾಡೋಣ. ಅದು ಕ್ರಿ.ಶ. 945ರದು, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಎಂಬಾತ ಅಲ್ಲಿ ಒಂದು ದೊಡ್ಡ ಸಾಲಿ ಕಟ್ಟಿಸಿದ್ದ. ದೂರದ ನಾಡುಗಳಿಂದ ಹುಡುಗರು ಓದಲು ಬರುತ್ತಿದ್ದರು. ಅವರ ಊಟ ವಸತಿಗೆ ಭೂಮಿ ಬಿಟ್ಟದ್ದಲ್ಲದೆ, ಊರವರು ತಮ್ಮ ಮನೆಯಲ್ಲಿ ಲಗ್ನ, ಮುಂಜಿವೆ, ಜವಳ ಆದಾಗೆಲ್ಲ ಇಂತಿಷ್ಟು ಎಂದು ಸಾಲಿಗೆ ಕೊಡಬೇಕೆಂದು ಶಾಸನದಲ್ಲಿ ಬರೆದಿದೆ. ಸಣ್ಣ ಸಣ್ಣ ಹಣ, ಆದರೆ ತಪ್ಪದೆ ಬರುವ ಹಣ. ನಮ್ಮ ಸಂಘಗಳ ವಂತಿಗೆಗೆ ಇದನ್ನು ಅಜ್ಜ ಎನ್ನಬಹುದು.

ಆ ಕಾಲಕ್ಕೆ ಬಡ್ಡಿಯೂ ಇತ್ತು. ಕರ್ನಾಟಕದ ಎಷ್ಟೋ ಶಾಸನಗಳಲ್ಲಿ ದೇವರ ನಂದಾದೀಪಕ್ಕೆಂದು ಇಷ್ಟು ಗದ್ಯಾಣ ಇಟ್ಟು, ಅಸಲಿಗೆ ಕೈ ಹಚ್ಚದೆ ಅದರ ಬಡ್ಡಿಯಿಂದಲೇ ದೀಪ ನಡೆಸಬೇಕೆಂದು ಬರೆಸಿದ್ದುಂಟು. ಸಿಂದಗಿಯ ಪೂರ್ವಕ್ಕೆ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಅಮೋಘವರ್ಷ ಆಳುತ್ತಿದ್ದಾಗ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳು ಹಲವಾರು ಇವೆ. ಬಾಗೇವಾಡಿಯ ಬಸವಣ್ಣನವರೂ ಮೊದಲು ಮಂಗಳವಾಡದಲ್ಲಿ ಕರಣಿಕರಾಗಿ, ಆಮೇಲೆ ಬಿಜ್ಜಳನ ಭಂಡಾರಿಯಾಗಿ ಲೆಕ್ಕ ಬರೆದವರೆಂದು ನಾವೆಲ್ಲ ಕೇಳಿದ್ದೇವೆ. ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ.

ಒಂದು ಮಾತು ಮಾತ್ರ ಗಮನಿಸಬೇಕು. ನಂದಾದೀಪದ ಗದ್ಯಾಣದ ಬಡ್ಡಿಯನ್ನು ಆಯಾ ವರ್ಷವೇ ಎಣ್ಣೆಗೆ ಖರ್ಚು ಮಾಡುತ್ತಿದ್ದರು. ಆದ್ದರಿಂದ ನೂರು ವರ್ಷ ಕಳೆದರೂ ಗಂಟು ಅಷ್ಟೇ, ದೀಪವೂ ಅಷ್ಟೇ. ಇದು ಸರಳ ಬಡ್ಡಿ. ಬಡ್ಡಿಯನ್ನು ಖರ್ಚು ಮಾಡದೆ ಗಂಟಿಗೆ ಸೇರಿಸಿ, ಮುಂದಿನ ವರ್ಷ ಒಟ್ಟು ಮೊತ್ತಕ್ಕೆ ಬಡ್ಡಿ ಹಾಕಿದರೆ ಅದು ಚಕ್ರಬಡ್ಡಿ. ನಮ್ಮ ಹಳ್ಳಿಯ ಮಾತಿನಲ್ಲಿ ಬಡ್ಡಿಗೆ ಬಡ್ಡಿ. ಇವೆರಡರ ನಡುವಿನ ಅಂತರ ಮೊದಲ ವರ್ಷ ಕಾಣುವುದೇ ಇಲ್ಲ. ಹತ್ತು ವರ್ಷಕ್ಕೆ ಕಣ್ಣಿಗೆ ಬೀಳುತ್ತದೆ. ಇಪ್ಪತ್ತೈದಕ್ಕೆ ನಂಬಲಿಕ್ಕೆ ಆಗೂದಿಲ್ಲ.

ನಮ್ಮ ಜನ ಇದನ್ನು ಸಾಲಿಯಲ್ಲಿ ಕಲಿಯಲಿಲ್ಲ, ಸಾವಕಾರನ ಕಟ್ಟೆಯ ಮೇಲೆ ಕಲಿತರು. ಬಿತ್ತಿಗೆಗೆ ಜೋಳ ತಂದರೆ ಸುಗ್ಗಿಗೆ ಸವಾಯಿ, ಅಂದರೆ ಒಂದು ಚೀಲಕ್ಕೆ ಒಂದೂಕಾಲು. ಕಷ್ಟಕಾಲವಾದರೆ ದೀಡಿ, ಒಂದಕ್ಕೆ ಒಂದೂವರೆ. ರೊಕ್ಕವಾದರೆ ತಿಂಗಳಿಗೆ ನೂರಕ್ಕೆ ಎರಡು. 'ಎರಡೇ ರೂಪಾಯಿ, ಏನ್ ಮಹಾ' ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ನೂರಕ್ಕೆ 24. ಮಳೆ ಕೈಕೊಟ್ಟು ಬಡ್ಡಿ ಕಟ್ಟಲಾಗದೆ, ಪ್ರತಿ ವರ್ಷ ಹಳೆಯ ಪತ್ರ ಹರಿದು ಬಡ್ಡಿ ಸೇರಿಸಿ ಹೊಸ ಪತ್ರ ಬರೆದುಕೊಟ್ಟರೆ, 100 ರೂಪಾಯಿ ಮೊದಲ ವರ್ಷಕ್ಕೆ 124 ಆಯಿತು, ಎರಡನೆಯ ವರ್ಷಕ್ಕೆ 154ರ ಹತ್ತಿರ, ಐದಕ್ಕೆ 293, ಹತ್ತು ವರ್ಷಕ್ಕೆ 859. ಸರಳ ಬಡ್ಡಿಯಾಗಿದ್ದರೆ ಹತ್ತು ವರ್ಷಕ್ಕೆ 340 ಆಗುತ್ತಿತ್ತು. ನಡುವಿನ 519 ರೂಪಾಯಿಯನ್ನು ರೈತ ಎಂದೂ ಕೈಯಲ್ಲಿ ಹಿಡಿದಿರಲಿಲ್ಲ, ಆದರೆ ಹೊಲ ಹೋದದ್ದು ಅದಕ್ಕೇ. ಸಾವಕಾರರೆಲ್ಲ ಕೆಟ್ಟವರೆಂದು ಬರೆಯಲು ನಮಗೆ ಮನಸ್ಸಿಲ್ಲ. ಬರಗಾಲದಲ್ಲಿ ಹಗೇವು ತೆಗೆದು ಜೋಳ ಹಂಚಿದವರೂ ಇದ್ದರೆಂದು ಹಿರಿಯರು ಹೇಳುತ್ತಾರೆ. ಆದರೆ ಚಕ್ರಬಡ್ಡಿಗೆ ದಯ ಇಲ್ಲ, ದ್ವೇಷವೂ ಇಲ್ಲ. ಅದಕ್ಕೆ ಬೇಕಾದದ್ದು ವರ್ಷಗಳು ಮಾತ್ರ.

ಆ ವರ್ಷಗಳು ಹೇಗೆ ಬಂದವು ನೋಡಿ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಅರಳೆ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂತು. ರೈತರಿಗೆ ಸಾಲ ಕೇಳಿದಷ್ಟು ಸಿಕ್ಕಿತು. ಯುದ್ಧ ನಿಂತಿತು, ದರ ಬಿತ್ತು, ಸಾಲ ಮಾತ್ರ ನಿಂತಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಒಟ್ಟುಗೂಡಿ ಸಾವಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಖ್ಖನ್ ದಂಗೆ ಎಂದು ಪುಸ್ತಕಗಳಲ್ಲಿ ಓದುವುದು ಇದನ್ನೇ. ಮರುವರ್ಷ ನಮ್ಮಲ್ಲಿ ಮಳೆ ಹೋಯಿತು. ಆಗ ನಮ್ಮ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1876ರಿಂದ 78ರ ಆ ಬರಗಾಲದಲ್ಲಿ ಮುಂಬಯಿ ಪ್ರಾಂತದಲ್ಲೇ ಹೆಚ್ಚು ಸಾವು ಕಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಗಿತ್ತು. ಸತ್ತವರು ಸತ್ತರು, ಗುಳೆ ಹೋದವರು ಹೋದರು, ಉಳಿದವರು ಎತ್ತು ಕೊಳ್ಳಲು ಮತ್ತೆ ಪತ್ರ ಬರೆದುಕೊಟ್ಟರು.

ಸರಕಾರಕ್ಕೂ ಬಿಸಿ ತಟ್ಟಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ, ಆಮೇಲೆ ಪ್ರಾಂತದ ಉಳಿದ ಕಡೆಗೂ ವಿಸ್ತರಿಸಿತು. ಇಂಡಿಯವರಿಗೆ ಸೊಲ್ಲಾಪುರ ಎಂದರೆ ನೆರೆಯ ಸಂತೆ, ಸುದ್ದಿ ಬೇಗ ಬಂದಿರಬೇಕು. ಈ ಕಾಯದೆಯ 13ನೆಯ ಕಲಮು ನಮ್ಮ ವಿಷಯಕ್ಕೆ ಮುಖ್ಯ. ಕೋರ್ಟು ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೇ ನಂಬದೆ ಮೊದಲಿನಿಂದ ಲೆಕ್ಕ ತೆಗೆಯಬೇಕು, ಅಸಲಿನ ಲೆಕ್ಕ ಬೇರೆ ಬಡ್ಡಿಯ ಲೆಕ್ಕ ಬೇರೆ ಇಡಬೇಕು, ತಕ್ಕ ಕಾರಣವಿಲ್ಲದೆ ಬಡ್ಡಿಯನ್ನು ಅಸಲಿಗೆ ಸೇರಿಸಬಾರದು ಎಂದಿತು. ದಾಮದುಪ್ಪಟ್ಟು ಎಂಬ ಹಳೆಯ ಧರ್ಮಶಾಸ್ತ್ರದ ಕಟ್ಟೂ ಇತ್ತು, ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂದು. ಮೇಲಿನ ಲೆಕ್ಕದ 859 ರೂಪಾಯಿ ಈ ಕಟ್ಟಿನಲ್ಲಿ 200ಕ್ಕೆ ನಿಲ್ಲುತ್ತದೆ. ಒಂದು ಸರಕಾರ ಕಾಯದೆ ಮಾಡಿ ತಡೆಯಬೇಕಾಯಿತೆಂದ ಮೇಲೆ ಚಕ್ರಬಡ್ಡಿಯ ಶಕ್ತಿ ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇದಾದ ಮೇಲೆ ಖಾತೆಯ ಇನ್ನೊಂದು ಮಗ್ಗುಲು ನಿಧಾನಕ್ಕೆ ತೆರೆಯಿತು. 1882ರಲ್ಲಿ ದೇಶದಲ್ಲೆಲ್ಲ ಪೋಸ್ಟಾಫೀಸಿನ ಉಳಿತಾಯ ಬ್ಯಾಂಕು ಬಂತು, ಬಡವನೂ ತನ್ನ ಹೆಸರಿಗೆ ಬಡ್ಡಿ ಬರೆಸಿಕೊಳ್ಳಬಹುದಾಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಜರ್ಮನಿಯ ರೈಫಿಸನ್ ಹಳ್ಳಿಯವರಿಗಾಗಿ ತೋರಿಸಿದ ದಾರಿಯೇ ಇಲ್ಲಿಗೂ ಬಂತು. ನಂತರದ ಕತೆ ಸದಸ್ಯರಿಗೆ ಗೊತ್ತು: 1925ರ ಮುಂಬಯಿ ಕಾಯದೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1959ರ ನಮ್ಮ ಸಹಕಾರ ಸಂಘಗಳ ಕಾಯದೆ, 1997ರ ಸೌಹಾರ್ದ ಕಾಯದೆ.

ಪಿಗ್ಮಿಯ ಬಗ್ಗೆ ಮಾತ್ರ ಎರಡು ಮಾತು ಹೆಚ್ಚಿಗೆ ಬರೆಯಬೇಕು. ದಿನಾ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಪಿಗ್ಮಿಯವರು ಬರುವುದು ನಮ್ಮ ಪ್ಯಾಟಿಯ ದಿನಚರಿಯಾಗಿ ಹೋಗಿದೆ. ಇದು ಹುಟ್ಟಿದ್ದು ನಮ್ಮಲ್ಲಲ್ಲ, ಉಡುಪಿಯಲ್ಲಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ತೆರೆದರು. ಅಲ್ಲಿಯ ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ ಅದು. 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣ ಕೂಡಿಸುವ ಪಿಗ್ಮಿ ಯೋಜನೆ ಸುರುವಾಯಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಯಿತು, ಪಿಗ್ಮಿ ಉಳಿಯಿತು.

ಆದರೆ ನಾವು ಪಿಗ್ಮಿಯನ್ನು ನಡೆಸಿಕೊಂಡ ರೀತಿ ಸರಿ ಇಲ್ಲ ಎಂದು ಬೆಳ್ಳಿಹಬ್ಬದ ಸಂಭ್ರಮದಲ್ಲೂ ಹೇಳಲೇಬೇಕು. ವರ್ಷ ತುಂಬಿತೆಂದರೆ ಒಡೆಯುವುದು. ಜಾತ್ರಿ ಬಂತು ಒಡಿ, ಲಗ್ನ ಬಂತು ಒಡಿ, ಮೋಟರಸೈಕಲ್ಲಿಗೆ ಒಡಿ. ಚಕ್ರಬಡ್ಡಿಯ ಗಾಲಿ ಉರುಳಲು ಸುರುವಾಗುವ ಹೊತ್ತಿಗೆ ನಾವೇ ಕಲ್ಲು ಕೊಡುತ್ತೇವೆ. ನಮ್ಮ ಸಂಘದ ವಯಸ್ಸನ್ನೇ ಹಿಡಿದು ಲೆಕ್ಕ ಹಾಕೋಣ. ದಿನಕ್ಕೆ 10 ರೂಪಾಯಿಯಂತೆ ವರ್ಷಕ್ಕೆ 3,650 ಕೂಡಿಸಿ, ಪ್ರತಿ ವರ್ಷಾಂತ್ಯಕ್ಕೆ ಅದನ್ನು ಒಡೆಯದೆ ಶೇಕಡಾ 8ರ ಚಕ್ರಬಡ್ಡಿಯ ಠೇವಣಿಗೆ ಹಾಕುತ್ತ 25 ವರ್ಷ ಬಂದರೆ, ಕೈಯಿಂದ ಹಾಕಿದ್ದು 91,250. ಗಂಟು ಸುಮಾರು 2,66,800. ಇದೇ ಕೆಲಸವನ್ನು ಹತ್ತು ವರ್ಷ ತಡಮಾಡಿ ಸುರು ಮಾಡಿ 15 ವರ್ಷ ಹಾಕಿದವರದು 54,750 ಹಾಕಿ ಸುಮಾರು 99,100. ತಡ ಮಾಡಿದವರು ಕಡಿಮೆ ಹಾಕಿದ್ದು 36,500 ಮಾತ್ರ. ಕಳೆದುಕೊಂಡದ್ದು 1,67,000ಕ್ಕೂ ಮೇಲೆ. ದಿನಕ್ಕೆ ಹತ್ತು ರೂಪಾಯಿ ಎಂದರೆ ಒಂದು ಚಾದ ದುಡ್ಡು.

ಯಾಕೆ ಹೀಗೆ ಎಂದು ಕೇಳುವ ಹುಡುಗರಿಗೆ ಇಂಡಿಯ ಲಿಂಬಿ ತೋಟ ತೋರಿಸಬಹುದು. ಲಿಂಬಿ ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ನೀರು ಹಾಕುವುದಷ್ಟೇ, ಕಾಯಿ ಇಲ್ಲ. ಕಾಯಿ ಬರಲಿಲ್ಲವೆಂದು ಮೂರನೆಯ ವರ್ಷ ಕಿತ್ತು ಹೊಸ ಸಸಿ ನೆಡುವವನನ್ನು ಊರು ನಗುತ್ತದೆ. ಠೇವಣಿ ಕಿತ್ತವನನ್ನು ಮಾತ್ರ ಯಾರೂ ನಗುವುದಿಲ್ಲ. ಶೇಕಡಾ 8ರಂತೆ ಒಂದು ಸಾವಿರ ರೂಪಾಯಿ ಒಂಬತ್ತು ವರ್ಷಕ್ಕೆ ಎರಡು ಸಾವಿರವಾಗುತ್ತದೆ. ಹದಿನೆಂಟಕ್ಕೆ ನಾಲ್ಕು, ಇಪ್ಪತ್ತೇಳಕ್ಕೆ ಎಂಟು. ಮೊದಲ ಒಂಬತ್ತು ವರ್ಷ ದುಡಿದು ಕೊಟ್ಟದ್ದು ಒಂದು ಸಾವಿರ, ಕೊನೆಯ ಒಂಬತ್ತು ಕೊಟ್ಟದ್ದು ನಾಲ್ಕು ಸಾವಿರ. ತಡವಾಗಿ ಸುರು ಮಾಡಿದವನಿಗೆ ತಪ್ಪುವುದು ಮೊದಲಿನ ಬಡ ವರ್ಷಗಳಲ್ಲ, ಕೊನೆಯ ಶ್ರೀಮಂತ ವರ್ಷಗಳು. ಲೆಕ್ಕದಲ್ಲಿ ನಮಗೆ ಬಹಳ ರುಚಿಸಿದ ಸಂಗತಿ ಇದು. (ನೂರಕ್ಕೆ ಎರಡರ ಸಾಲಕ್ಕೆ ತಿಂಗಳು ತಿಂಗಳು ಬಡ್ಡಿ ಸೇರಿಸಿದರೆ ದುಪ್ಪಟ್ಟಾಗಲು ಮೂರು ವರ್ಷವೂ ಬೇಡ. ಸಾಲ ಇಟ್ಟುಕೊಂಡು ಠೇವಣಿ ಇಡುವುದು ಸೋರುವ ಕೊಡಕ್ಕೆ ನೀರು ಹಾಕಿದಂತೆ. ಮೊದಲು ಆ ಸಾಲ ತೀರಲಿ.)

ಬಂಗಾರ ಇದಕ್ಕಿಂತ ಮೇಲು ಎಂದು ಅಕ್ಕಂದಿರು ಅನ್ನುವುದುಂಟು. ಸುಳ್ಳೆನ್ನಲು ಬಾಯಿಲ್ಲ. 2000ದಲ್ಲಿ ಹತ್ತು ಗ್ರಾಮಿಗೆ ನಾಲ್ಕೂವರೆ ಸಾವಿರದ ಆಸುಪಾಸು ಇದ್ದದ್ದು 2025ರಲ್ಲಿ ಲಕ್ಷ ದಾಟಿತು. ಯಾವ ಠೇವಣಿಯೂ ಅಷ್ಟು ಬೆಳೆಯಲಿಲ್ಲ. ಆದರೆ 2000ದಲ್ಲಿ ಕೊಂಡ ಸರವನ್ನು ಒಮ್ಮೆಯೂ ಒತ್ತಿ ಇಡದೆ 2025ರವರೆಗೆ ಕೊರಳಲ್ಲೇ ಇಟ್ಟುಕೊಂಡವರು ನಮ್ಮ ಓಣಿಯಲ್ಲಿ ಎಷ್ಟು ಮಂದಿ ಎಂದು ಅವರವರೇ ಎಣಿಸಿಕೊಳ್ಳಲಿ. ಒತ್ತಿ ಇಟ್ಟ ಬಂಗಾರಕ್ಕೆ ನಾವೇ ಬಡ್ಡಿ ಕಟ್ಟುತ್ತೇವೆ.

ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರಿಗೆ ಇನ್ನೊಂದು ಅನುಭವ ಇದೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ಹಿನ್ನೀರಿಗೆ ಹೊಲ ಮನೆ ಕೊಟ್ಟವರಿಗೆ ಪರಿಹಾರದ ರೊಕ್ಕ ಬಂತು. ಹತ್ತು ತಲೆಮಾರಿನ ಭೂಮಿ ಒಂದು ಚೆಕ್ಕಾಗಿ ಕೈಗೆ ಬಂದಾಗ ಅದನ್ನು ಏನು ಮಾಡಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಲಗ್ನ, ಗಾಡಿ, ಮನೆ, ಹಳೆಯ ಸಾಲ, ಹೀಗೆ ಕರಗಿದ್ದೇ ಹೆಚ್ಚು. ಮುಪ್ಪಿನ ಪಾಲು ಎಂದು ಒಂದಿಷ್ಟನ್ನು ಬೇರೆ ಇಟ್ಟವರ ಮನೆಯಲ್ಲಿ ಇಂದು ಅಜ್ಜ ಅಜ್ಜಿ ಮಕ್ಕಳ ಮುಂದೆ ಕೈ ಚಾಚುವುದಿಲ್ಲ. ಅಣೆಕಟ್ಟಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತದ ಕೆಲಸಕ್ಕೆ ಭೂಮಿ ಬಿಟ್ಟುಕೊಡುವ ಕುಟುಂಬಗಳು ಈ ಮಾತನ್ನು ಕಿವಿಯಲ್ಲಿ ಹಾಕಿಕೊಳ್ಳಲಿ ಎಂದೇ ಇಲ್ಲಿ ಬರೆದೆವು.

'ಮುಪ್ಪಿಗೆ ಮಕ್ಕಳದಾರ' ಎನ್ನುವ ಕಾಲ ಹೋಯಿತೆಂದು ಹೇಳುವುದಿಲ್ಲ. ಮಕ್ಕಳು ಇದ್ದಾರೆ, ಆದರೆ ಬೆಂಗಳೂರು, ಪುಣೆ, ಗೋವೆಯಲ್ಲಿ ಇದ್ದಾರೆ, ಅವರ ಪಗಾರ ಅವರ ಬಾಡಿಗೆಗೇ ಸಾಲದು. ಸರಕಾರಿ ನೌಕರಿಯವರಿಗೆ ಪೆನ್ಶನ್ ಇದೆಯಲ್ಲ ಎನ್ನುವುದೂ ಹಳೆಯ ಮಾತಾಯಿತು. 2006ರ ಏಪ್ರಿಲ್ 1ರಿಂದ ನಮ್ಮ ರಾಜ್ಯ ಸರಕಾರದ ನೌಕರಿಗೆ ಸೇರಿದವರನ್ನು ತಾವೇ ಪಾಲು ಕಟ್ಟಿ ಗಂಟು ಬೆಳೆಸಿಕೊಳ್ಳುವ ಹೊಸ ಪದ್ಧತಿಗೆ ಸೇರಿಸಿದರು. ಸಾಲಿ ಮಾಸ್ತರರ ಪಾಡೇ ಹೀಗಾದ ಮೇಲೆ, ತೊಗರಿ ರಾಶಿ ಮಾಡುವವರ, ಕಬ್ಬು ಕಡಿಯಲು ಗುಳೆ ಹೋಗುವವರ, ಹೊಲಿಗೆ ಮಷಿನ್ ತುಳಿಯುವವರ ಮಾತೇನು?

ಅವರಿಗೆಂದು 2015ರ ಮೇ ತಿಂಗಳಲ್ಲಿ ಅಟಲ್ ಪೆನ್ಶನ್ ಯೋಜನೆ ಬಂತು. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ವಂತಿಗೆಯ ತಖ್ತೆ ಮಾತ್ರ ಬೇಗ ಸುರು ಮಾಡುವುದೆಂದರೇನು ಎಂಬುದನ್ನು ಯಾವ ಭಾಷಣಕ್ಕಿಂತಲೂ ಚಲೋ ತಿಳಿಸುತ್ತದೆ. 60 ವರ್ಷ ತುಂಬಿದ ಮೇಲೆ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ, 18ನೆಯ ವರ್ಷಕ್ಕೆ ಸೇರಿದವರು ತಿಂಗಳಿಗೆ 210 ಕಟ್ಟಬೇಕು. 30ಕ್ಕೆ ಸೇರಿದವರು 577. 40ಕ್ಕೆ ಸೇರಿದವರು 1,454. ಸಿಗುವ ಪೆನ್ಶನ್ ಮೂವರಿಗೂ ಒಂದೇ. ಹದಿನೆಂಟರವರು 42 ವರ್ಷ ಕಟ್ಟಿದರೂ ಅವರ ಕೈಯಿಂದ ಹೋಗುವುದು ಒಟ್ಟು 1,05,840. ನಲವತ್ತರವರು 20 ವರ್ಷವಷ್ಟೇ ಕಟ್ಟಿ 3,48,960 ಕೊಡಬೇಕು. ವರ್ಷ ಅರ್ಧಕ್ಕಿಂತ ಕಡಿಮೆ, ರೊಕ್ಕ ಮೂರು ಪಟ್ಟಿಗೂ ಹೆಚ್ಚು. ಉಳಿದದ್ದನ್ನು ಹದಿನೆಂಟರವರ ಪರವಾಗಿ ಚಕ್ರಬಡ್ಡಿ ಕಟ್ಟುತ್ತದೆ. ಅಂದು ನಮ್ಮ ಮುತ್ತಜ್ಜನ ಹೊಲ ತಿಂದ ಅದೇ ಲೆಕ್ಕ ಇದು, ಖಾತೆಯ ಮಗ್ಗುಲು ಬದಲಾಗಿದೆ ಅಷ್ಟೇ. 40 ದಾಟಿದವರಿಗೆ ಇದರಲ್ಲಿ ಸೇರಲು ಬರುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ದಿಂದ ಬಾಗಿಲು ಮುಚ್ಚಿದೆ.

ಮೇಲೆ ಶೇಕಡಾ 8 ಎಂದು ಹಿಡಿದೆವಲ್ಲ, ಅದು ಲೆಕ್ಕ ತಿಳಿಯಲಿಕ್ಕೆ ಮಾತ್ರ. ದರ ಯಾರ ಮಾತನ್ನೂ ಕೇಳುವುದಿಲ್ಲ. 1968ರಲ್ಲಿ ಸುರುವಾದ ಸಾರ್ವಜನಿಕ ಭವಿಷ್ಯ ನಿಧಿಗೆ 2000ದ ಜನವರಿಯವರೆಗೆ ಶೇಕಡಾ 12 ಬಡ್ಡಿ ಇತ್ತು. 2003ಕ್ಕೆ 8ಕ್ಕೆ ಬಂತು, 2020ರ ಏಪ್ರಿಲ್‌ದಿಂದ 7.1ಕ್ಕೆ ಇಳಿಸಿದರು. ಪ್ಯಾಟಿಯ ದರಗಳೂ ವರ್ಷ ವರ್ಷ ಏರುತ್ತವೆ. ಇಂದಿನ 5,000 ರೂಪಾಯಿ ನಲವತ್ತು ವರ್ಷದ ಮೇಲೆ ಇಂದಿನಷ್ಟು ಜೋಳ ತರುವುದಿಲ್ಲ. ಹಾಗೆಂದು ಬಿಡುವಂತಿಲ್ಲ, ಪಗಾರ ಏರಿದಾಗ ಉಳಿತಾಯವನ್ನೂ ಒಂದಿಷ್ಟು ಏರಿಸಬೇಕಾಗುತ್ತದೆ.

ನಮ್ಮವರಿಗೆ ನೇರವಾಗಿ ಹೇಳಬೇಕಾದ ಇನ್ನೊಂದು ಸಂಗತಿ ಇದೆ, ಆಡಳಿತ ಮಂಡಳಿಯವರು ತಪ್ಪು ತಿಳಿಯಬಾರದು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ನಮ್ಮಂಥ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿಯ ಭದ್ರತೆ ಎಂದರೆ ಸಾಲಗಾರರು ತಿರುಗಿ ಕಟ್ಟುವುದು, ಮತ್ತು ಸದಸ್ಯರು ವಾರ್ಷಿಕ ಸಭೆಗೆ ಬಂದು ಆಡಿಟ್ ವರದಿ ಓದುವುದು. ಚಾ ಕುಡಿದು ಸಹಿ ಮಾಡಿ ಹೋಗುವವರು ಬಹಳಾದರು. ಮುಪ್ಪಿನ ಗಂಟೆಲ್ಲ ಒಂದೇ ಕಡೆ ಇಡದೆ, ಪೋಸ್ಟಾಫೀಸು, ಬ್ಯಾಂಕು, ಸಂಘ ಎಂದು ಹಂಚಿ ಇಡುವುದು ಜಾಣತನ. ನೂರಕ್ಕೆ ಹದಿನೈದು, ಹದಿನೆಂಟು ಕೊಡುತ್ತೇವೆಂದು ಬಾಗಿಲಿಗೆ ಬಂದವರ ಕಡೆ ಮಾತ್ರ ಹಾಯಬಾರದು.

ಖಾತೆ ತೆರೆಯುವಾಗ ವಾರಸುದಾರರ ಹೆಸರು ಬರೆಸಲು ಮರೆಯುವವರು ಬಹಳ. ಮೇಲೆ ಹೇಳಿದ ಪೆನ್ಶನ್ ಯೋಜನೆಯಲ್ಲಿ ಗಂಡ ತೀರಿಕೊಂಡರೆ ಹೆಂಡತಿಗೆ, ಹೆಂಡತಿ ತೀರಿಕೊಂಡರೆ ಗಂಡನಿಗೆ ಅಷ್ಟೇ ಪೆನ್ಶನ್ ನಡೆಯುತ್ತದೆ. ಇಬ್ಬರೂ ಹೋದ ಮೇಲೆ 5,000ದ ಲೆಕ್ಕದವರ ವಾರಸುದಾರರಿಗೆ ಸುಮಾರು ಎಂಟೂವರೆ ಲಕ್ಷದ ಗಂಟು ಬರುತ್ತದೆ. ತಿಂಗಳಿಗೆ 210 ರೂಪಾಯಿ ಕಟ್ಟಿದವರ ಮಕ್ಕಳಿಗೂ ಅಷ್ಟೇ, 1,454 ಕಟ್ಟಿದವರ ಮಕ್ಕಳಿಗೂ ಅಷ್ಟೇ.